ಹೆಸರು ಶಾಶ್ವತ, ಗೇಣಿ ಒಂದೇ ವರ್ಷ

2017ರಲ್ಲಿ ಪರ್ಮಾಕಲ್ಚರ್ ಕೃಷಿಕರ ಅಂತರರಾಷ್ಟ್ರೀಯ ಸಮಾವೇಶ ಹೈದರಾಬಾದಿನಲ್ಲಿ ನಡೆಯಿತು. ಹೆಸರಲ್ಲೇ ‘ಶಾಶ್ವತ’ವನ್ನು ಇಟ್ಟುಕೊಂಡ ಈ ಕೃಷಿಗೆ ಆ ಸೀಮೆಯಲ್ಲಿ ಸಿಗದಿರುವುದು ಅದೇ. ಸ್ವಂತ ಭೂಮಿಯಿಲ್ಲದ ಸಣ್ಣ ಕೃಷಿಕರಿಗೆ ಸಿಗುವುದು ಹೆಚ್ಚಾಗಿ ಬಾಯಿಮಾತಿನ ಗೇಣಿ. ನೆಟ್ಟ ಮಾವು ಫಲಕ್ಕೆ ಬರಲು ನಾಲ್ಕೈದು ವರ್ಷ ಬೇಕು. ಮಾತಿನ ಆಯಸ್ಸು ಒಂದೇ ವರ್ಷ. ಮಣ್ಣು ಹದಕ್ಕೆ ಬಂದ ಮೇಲೆ ಹೊಲ ಬಿಡಿ ಎಂದರೆ ಕೇಳುವವರಿಲ್ಲ. 2018ರಲ್ಲಿ ಶುರುವಾದ ರೈತುಬಂಧು ಯೋಜನೆ ಹಂಗಾಮಿಗೆ ಎಕರೆಗೆ 4,000 ರೂಪಾಯಿ ಕೊಟ್ಟದ್ದೂ ಪಟ್ಟಾದಾರರಿಗೆ, ಉತ್ತವರಿಗಲ್ಲ.

ಬರೆದುಕೊಟ್ಟರೆ ಭೂಮಿಯೇ ಕೈಬಿಟ್ಟೀತೆಂಬ ಮಾಲೀಕರ ಭಯವೂ ಸಹಜ. ಹಾಗಾಗಿ ಕಾನೂನು ಇಬ್ಬರಿಗೂ ಧೈರ್ಯ ಕೊಡಬೇಕು: ಒಡೆತನ ಮಾಲೀಕರದ್ದೇ ಇರಲಿ, ಕರಾರು ಹತ್ತು ವರ್ಷದ್ದಾಗಲಿ, ನಡುವೆ ಬಿಡಿಸಿದರೆ ಮರಕ್ಕೂ ಮಣ್ಣಿಗೂ ಬೆಲೆ ಕಟ್ಟಿಕೊಡಲಿ. ಇಲ್ಲದಿದ್ದರೆ ಪಾಲುದಾರಿಕೆಯೆಂಬುದು ಬಿಟ್ಟಿ ದುಡಿಮೆಗೆ ಇಟ್ಟ ಚಂದದ ಹೆಸರಷ್ಟೇ.