ಗ್ರಹಣದ ದಿನ ಪರದೆ ಯಾರ ಪಾಲು?

1975ರ ಆಗಸ್ಟ್ 1ರಂದು ಶುರುವಾಗಿ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಟಿವಿ ಪ್ರಯೋಗಕ್ಕೆ 50 ವರ್ಷ ತುಂಬಿದೆ. ಕನ್ನಡದ ಹಳ್ಳಿಗಳಿಗೆ ಟಿವಿಯನ್ನು ತಂದವರು ವಿಜ್ಞಾನಿಗಳು ಎಂಬುದನ್ನು ಇವತ್ತು ಜೋರಾಗಿಯೇ ನೆನಪಿಸಬೇಕಾಗಿದೆ. ಅಮೆರಿಕದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮ ಹೋಗುತ್ತಿತ್ತು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಕೋಳಿಗೂಡಿಗೆ ಹೊದಿಸುವಂಥ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಡಿಶ್, ಊರಿಗೊಂದು ಟಿವಿ, ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಚಿತ್ರ ಒಂದೇ, ಮಾತು ಮಾತ್ರ ಇಲ್ಲಿ ಕನ್ನಡದಲ್ಲಿ, ಪಕ್ಕದ ಆಂಧ್ರದಲ್ಲಿ ತೆಲುಗಿನಲ್ಲಿ. ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದ ನಿರ್ದೇಶಕರಾಗಿ ಇದರ ಹೊಣೆ ಹೊತ್ತವರು ವಿಶ್ವಕಿರಣಗಳ ಸಂಶೋಧಕ ಯಶ್ ಪಾಲ್. ಮಕ್ಕಳ ವಿಜ್ಞಾನ ಕಾರ್ಯಕ್ರಮಗಳನ್ನು ಅವರ ಸಂಸ್ಥೆಯೇ ತಯಾರಿಸಿತು. ದೇಶದ ದೊಡ್ಡ ಭೌತವಿಜ್ಞಾನಿಯೊಬ್ಬರು ಹಳ್ಳಿ ಮಕ್ಕಳಿಗೆ ಪರದೆಯ ಮೇಲೆ ಏನು ಕಾಣಬೇಕೆಂದು ತಲೆ ಕೆಡಿಸಿಕೊಂಡ ಕಾಲವದು.

ಅದೇ ಗುಲ್ಬರ್ಗಾ ಈಗ ಕಲಬುರಗಿ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣದ ದಿನ ಅಲ್ಲಿನ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಗ್ರಹಣ ಬಿಡುವ ಹೊತ್ತಿಗೆ ಮಕ್ಕಳ ಕೈಕಾಲು ಸರಿಯಾಗುತ್ತವೆ ಎಂಬುದು ನಂಬಿಕೆ. ಆ ತಂದೆತಾಯಿಯರನ್ನು ನಾವು ಬೈಯುವುದಿಲ್ಲ. ಮಗುವಿನ ಸಂಕಟ ನೋಡಲಾರದವರು ಯಾವ ಬಾಗಿಲನ್ನಾದರೂ ತಟ್ಟುತ್ತಾರೆ. ನಮ್ಮ ಸಿಟ್ಟು ಗ್ರಹಣವೆಂದರೆ ಕೇಡು ಎಂದು ದಿನವಿಡೀ ಸಾರುವ ವಾಹಿನಿಗಳ ಮೇಲೆ. ಮಣ್ಣಿನಲ್ಲಿ ಹೂಳಿರೆಂದು ಯಾವ ವಾಹಿನಿಯೂ ಹೇಳಲಿಲ್ಲ, ನಿಜ. ಆದರೆ ಗ್ರಹಣಕ್ಕೆ ಮನುಷ್ಯನ ಮೈಮೇಲೆ ಮಾಯದ ಅಧಿಕಾರವಿದೆ ಎಂಬ ಮಾತನ್ನು ರಾಶಿರಾಶಿಗೂ ಬಿಡಿಸಿ ಹೇಳಿದವರು, ಆ ಮಾತಿನ ಕೊನೆ ಎಲ್ಲಿ ಮುಟ್ಟುತ್ತದೆ ಎಂಬುದಕ್ಕೂ ಉತ್ತರ ಕೊಡಬೇಕು.

‘ನಾವು ವಿಜ್ಞಾನಿಗಳನ್ನೂ ಕರೆಯುತ್ತೇವೆ, ಎರಡೂ ಕಡೆಯ ವಾದ ಕೇಳಿಸುತ್ತೇವೆ’ ಎಂಬುದು ಅವರ ಸಮಜಾಯಿಷಿ. ನಮ್ಮ ಮುಖ್ಯ ತಕರಾರು ಇಲ್ಲೇ ಇದೆ. ಗ್ರಹಣ ಹಿಡಿಯುವ, ಬಿಡುವ ಕ್ಷಣವನ್ನು ವರ್ಷಗಳ ಮೊದಲೇ ಲೆಕ್ಕ ಹಾಕಿ ಹೇಳಬಹುದು. ಪಂಚಾಂಗದವರು ಮಾಡುವುದೂ ಲೆಕ್ಕವನ್ನೇ. ಲೆಕ್ಕದ ವಿಷಯಕ್ಕೆ ಎರಡು ಕಡೆಗಳಿರುವುದಿಲ್ಲ. ವಿಜ್ಞಾನಿಯನ್ನು ಜ್ಯೋತಿಷಿಯ ಎದುರು ಕೂರಿಸಿ ಇಬ್ಬರಿಗೂ ಎರಡೆರಡು ನಿಮಿಷ ಕೊಟ್ಟ ಕೂಡಲೇ ನೆರಳಿನ ಲೆಕ್ಕವೂ ಒಂದು ಅಭಿಪ್ರಾಯವಾಗಿಬಿಡುತ್ತದೆ. ಗಟ್ಟಿ ದನಿಯವರು ಗೆಲ್ಲುತ್ತಾರೆ. ‘ಸಂಪ್ರದಾಯವನ್ನು ಅವಮಾನಿಸಬೇಡಿ’ ಎನ್ನುವವರಿಗೂ ಉತ್ತರವಿದೆ. ಖಗೋಳ ವಿಜ್ಞಾನಿ ಬಿ.ಎಸ್. ಶೈಲಜಾ ಅವರು ಗೀತಾ ಕೈದಾಳ ಅವರೊಂದಿಗೆ ಶಾಸನಗಳಲ್ಲಿರುವ ಗ್ರಹಣಗಳ ಉಲ್ಲೇಖಗಳನ್ನು ಶೋಧಿಸಿ ಪುಸ್ತಕ ಮಾಡಿದ್ದಾರೆ. ಗ್ರಹಣದ ಪುಣ್ಯಕಾಲದಲ್ಲಿ ಭೂಮಿ ದತ್ತಿ ಬಿಟ್ಟು, ಅದನ್ನು ಕಲ್ಲಿನಲ್ಲಿ ಕೊರೆಸಿದ ನಾಡು ಇದು. ಬಾಗಿಲು ಕಿಟಕಿ ಹಾಕಿಕೊಂಡು ನಡುಗುವುದೊಂದೇ ಪರಂಪರೆ ಎಂದು ಹೇಳುವವರು ಆ ಕಲ್ಲುಗಳನ್ನು ಓದಲಿ. ಕಾನೂನಿನ ಮಾತಿಗೆ ಬಂದರೆ, ಕೇಬಲ್ ಟಿವಿ ನಿಯಮಗಳ ಕಾರ್ಯಕ್ರಮ ಸಂಹಿತೆ ಮೂಢನಂಬಿಕೆಗೆ ಉತ್ತೇಜನ ಕೊಡುವ ಕಾರ್ಯಕ್ರಮಗಳನ್ನು 1994ರಿಂದಲೇ ನಿಷೇಧಿಸಿದೆ. ಹೊಸ ಕಾಯ್ದೆ ಕೇಳುವ ಅಗತ್ಯವೇ ಇಲ್ಲ, ಇರುವುದನ್ನು ಜಾರಿ ಮಾಡಿದರೆ ಸಾಕು.

ಇನ್ನೊಂದು ಆಕ್ಷೇಪ ಟಿಆರ್‌ಪಿಯದು: ಜನ ನೋಡುವುದನ್ನು ತೋರಿಸುತ್ತೇವೆ, ವಿಜ್ಞಾನ ಯಾರಿಗೆ ಬೇಕು? 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವುದನ್ನು ಇಸ್ರೋದ ಯೂಟ್ಯೂಬ್ ವಾಹಿನಿಯೊಂದರಲ್ಲೇ ಏಕಕಾಲಕ್ಕೆ 80 ಲಕ್ಷದಷ್ಟು ಮಂದಿ ನೋಡುತ್ತಿದ್ದರು. ಪರದೆಯ ಮೇಲೆ ಇದ್ದದ್ದು ಬಹುಪಾಲು ಅಂಕಿಗಳು, ಒಂದು ವಕ್ರರೇಖೆ, ಕಂಪ್ಯೂಟರುಗಳ ಮುಂದೆ ಕುಳಿತ ವಿಜ್ಞಾನಿಗಳು. ಅದು ದೇಶಾಭಿಮಾನದ ಸಂದರ್ಭ, ದಿನನಿತ್ಯದ ಮಾತಲ್ಲ ಎನ್ನಬಹುದು. ಹಾಗಾದರೆ ‘ಟರ್ನಿಂಗ್ ಪಾಯಿಂಟ್’ ನೆನೆಯಿರಿ. ದೂರದರ್ಶನದ ಆ ಕಾರ್ಯಕ್ರಮದಲ್ಲಿ ಯಶ್ ಪಾಲ್ ನೋಡುಗರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು. ಅಲ್ಲಿ ರಾಕೆಟ್ಟಿನ ಸಂಭ್ರಮವಿರಲಿಲ್ಲ, ಸಾಮಾನ್ಯರ ಕುತೂಹಲವಿತ್ತು. ಅದಕ್ಕೇ ಅವರು ಮನೆಮನೆಗೆ ಗೊತ್ತಾದರು. 1995ರ ಅಕ್ಟೋಬರ್ 24ರ ಖಗ್ರಾಸ ಗ್ರಹಣವನ್ನು ದೂರದರ್ಶನ ನೇರವಾಗಿ ತೋರಿಸಿದಾಗ ವಿವರಣೆ ಕೊಟ್ಟವರೂ ಅವರೇ. ಎದುರಿಗೆ ಪ್ರತಿವಾದಿ ಬೇಕಾಗಲಿಲ್ಲ.

ತಪ್ಪು ವಾಹಿನಿಗಳದ್ದಷ್ಟೇ ಅಲ್ಲ. ನಮ್ಮದೇ ತಾಲ್ಲೂಕಿನ ಹೊಸಕೋಟೆಯಲ್ಲಿ ಭಾರತೀಯ ಖಗೋಳಭೌತ ಸಂಸ್ಥೆಯ ಕೇಂದ್ರವಿದೆ. ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ಇಲ್ಲಿಂದಲೇ ನಡೆಸುತ್ತಾರೆ. ಹಿಮಾಲಯದ ಆಕಾಶ ಹೊಸಕೋಟೆಗೆ ಬಂದು ಮುಟ್ಟುವುದಾದರೆ ಅಲ್ಲಿಂದ ಸೂಲಿಬೆಲೆಯ ಮನೆಯ ಟಿವಿಗೆ ಬರಲು ಅಡ್ಡಿಯಾಗಿರುವುದು ತಂತ್ರಜ್ಞಾನವಲ್ಲ. ಅಡ್ಡಿ ಭಾಷೆಯದು, ಮನಸ್ಸಿನದು. ಜನರಿಗೆ ತಿಳಿಹೇಳುವುದನ್ನು ವಿಜ್ಞಾನಿಯ ಬಿಡುವಿನ ಹವ್ಯಾಸವೆಂದು ನೋಡುವ ಸಂಶೋಧನಾ ಸಂಸ್ಥೆಗಳು ಅದನ್ನು ಕೆಲಸವೆಂದೇ ಲೆಕ್ಕಕ್ಕೆ ಹಿಡಿಯಬೇಕು, ಬಡ್ತಿಯಲ್ಲೂ ಪರಿಗಣಿಸಬೇಕು. ಸಾಹಿತ್ಯ ಪತ್ರಿಕೆಗಳ ಗೆಳೆಯರಿಗೂ ಒಂದು ಮಾತು: ವಿಜ್ಞಾನ ‘ನಮ್ಮ ಕ್ಷೇತ್ರವಲ್ಲ’ ಎಂದು ಕೈಚೆಲ್ಲುವವರು, ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದದ್ದನ್ನು ಮರೆತಿದ್ದಾರೆ. ಮೊಬೈಲಿನಲ್ಲಿ ಎಲ್ಲವೂ ಸಿಗುತ್ತದಲ್ಲ ಎಂಬುದೂ ಪೂರ್ತಿ ಉತ್ತರವಲ್ಲ. ಮೈಸೂರಿನ ಕೊಳ್ಳೇಗಾಲ ಶರ್ಮರಂಥವರು ಕನ್ನಡದ ದನಿಯಲ್ಲಿ ವಿಜ್ಞಾನವನ್ನು ಫೋನಿಗೆ ತಲುಪಿಸಿದ್ದಾರೆ, ಅದು ದೊಡ್ಡ ಕೆಲಸ. ಆದರೆ ಫೋನಿನಲ್ಲಿ ಬೇಕಾದವರು ಹುಡುಕಿಕೊಂಡು ಹೋಗಬೇಕು. ನಡುಮನೆಯ ಟಿವಿಯ ಮಾತು ಹುಡುಕದವರ ಕಿವಿಗೂ ಬೀಳುತ್ತದೆ. ಗ್ರಹಣದ ದಿನ ಹೆದರುವವರು ಕುಳಿತಿರುವುದು ಅಲ್ಲಿಯೇ.

2027ರ ಆಗಸ್ಟ್ 2ರಂದು ಮತ್ತೊಂದು ಸೂರ್ಯಗ್ರಹಣವಿದೆ, ಭಾರತದಲ್ಲಿ ಪಾರ್ಶ್ವವಾಗಿ ಕಾಣುತ್ತದೆ. ಕನ್ನಡ ವಾಹಿನಿಗಳಿಗೆ ನಮ್ಮ ಒತ್ತಾಯ ಇಷ್ಟೇ: ಆ ಸಂಜೆ ಚರ್ಚೆ ಬೇಡ. ಶಾಲೆಯ ಅಂಗಳದಲ್ಲಿ ಒಬ್ಬ ವಿಜ್ಞಾನಿ, ಸುತ್ತ ಮಕ್ಕಳು, ಸೂಜಿರಂಧ್ರದಿಂದ ರಟ್ಟಿನ ಮೇಲೆ ಬಿದ್ದ ಸೂರ್ಯನ ಬಿಂಬ. ಗ್ರಹಣ ಹಿಡಿದು ಬಿಡುವ ತನಕ ಕ್ಯಾಮೆರಾ ಅಲ್ಲಿಂದ ಕದಲದಿರಲಿ. ವಿಜ್ಞಾನಿಗಳಿಗೆ ನಮ್ಮ ಬೇಡಿಕೆ: ಕರೆ ಬರಲೆಂದು ಕಾಯಬೇಡಿ, ಸಮಯ ಕೇಳಿ ಪಡೆಯಿರಿ, ವಾದಕ್ಕೆ ಕರೆದರೆ ಒಪ್ಪಬೇಡಿ. ಈ ಸಂಚಿಕೆಯ ವಿಶೇಷ ವಿಭಾಗ ‘ಪರದೆಯ ಮೇಲೆ ವಿಜ್ಞಾನ’. ಓದಿದವರು ಆ ಸಂಜೆ ತಮ್ಮ ಕೇರಿಯ ಮಕ್ಕಳನ್ನು ಬಯಲಿಗೆ ಕರೆತಂದರೆ ಈ ಪತ್ರಿಕೆಯ ಶ್ರಮಕ್ಕೆ ಬೆಲೆ ಬಂದಂತೆ.