ಕಡಂಗದ ಏರಿಯ ಮೇಲೆ

ಕೊಡಗಿನಲ್ಲಿ ರೈಲಿಲ್ಲ. ಈ ಮಾತನ್ನು ಭೂಗೋಳದ ಪಾಠದಲ್ಲಿ ಓದಿ ಮರೆತವರೂ ಮಡಿಕೇರಿಗೆ ಪ್ರವಾಸ ಹೊರಟ ದಿನ ನೆನಪಿಸಿಕೊಳ್ಳುತ್ತಾರೆ. ಮೈಸೂರಿನಿಂದ ಕುಶಾಲನಗರಕ್ಕೆ ಮಾರ್ಗ ಬರುತ್ತದೆ, ತಲಚೇರಿಯಿಂದ ಕೊಡಗನ್ನು ಹಾದು ಮೈಸೂರಿಗೆ ಮಾರ್ಗ ಬರುತ್ತದೆ ಎಂಬ ಮಾತುಗಳನ್ನು ಹಿರಿಯರು ಕೇಳಿದರು, ನಾವು ಕೇಳಿದೆವು, ನಮ್ಮ ಮಕ್ಕಳೂ ಕೇಳುತ್ತಿದ್ದಾರೆ. ಹಳಿ ಮಾತ್ರ ಬರಲಿಲ್ಲ. ಬಾರದಿದ್ದುದೇ ಒಳ್ಳೆಯದಾಯಿತೆಂದು ಕಾಡಿನ ಪಕ್ಷದವರು ಹೇಳುತ್ತಾರೆ. ಆ ವಾದ ಇಂದಿನ ಲೇಖನದ ವಿಷಯವಲ್ಲ.

ಇಂಗ್ಲೆಂಡಿನಲ್ಲಿ 1963ರಲ್ಲಿ ಬೀಚಿಂಗ್ ಎಂಬವರು ರೈಲ್ವೆಯ ನಷ್ಟವನ್ನು ತಪ್ಪಿಸಲು ಒಂದು ವರದಿಯನ್ನು ಕೊಟ್ಟರು. ಸುಮಾರು 5,000 ಮೈಲಿಗಳಷ್ಟು ಮಾರ್ಗವನ್ನು ಮುಚ್ಚಬೇಕೆಂದು ಅದರ ಸಲಹೆ. ಹಾಗೆ ಮುಚ್ಚಿಹೋದ ಎಷ್ಟೋ ಮಾರ್ಗಗಳ ಹಳಿಗಳನ್ನು ಕಿತ್ತ ಮೇಲೆ ಅವು ಕಾಲುಹಾದಿಗಳಾದವು. ರೈಲು ಹೋದ ಹಾದಿಯಲ್ಲಿ ಈಗ ಅಲ್ಲಿಯ ಗೃಹಸ್ಥರು ಮಡದಿಮಕ್ಕಳೊಡನೆ, ಬುತ್ತಿ ಕಟ್ಟಿಕೊಂಡು ನಡೆಯುತ್ತಾರೆ. ನಮ್ಮಲ್ಲಿಯೂ ಇದರ ಒಂದು ಛಾಯೆ ಕೆಲಕಾಲ ಕಾಣಿಸಿತ್ತು. 1979ರಲ್ಲಿ ಪೂರ್ಣವಾದ ಹಾಸನ-ಮಂಗಳೂರು ಮಾರ್ಗದ ಘಟ್ಟದ ಭಾಗ, ಐವತ್ತೇಳು ಸುರಂಗಗಳನ್ನೂ ನೂರಕ್ಕೂ ಹೆಚ್ಚು ಸೇತುವೆಗಳನ್ನೂ ಉಳ್ಳದ್ದು. ಹಳಿಯ ಅಗಲವನ್ನು ಬದಲಿಸುವುದಕ್ಕಾಗಿ 1996ರಿಂದ ಹತ್ತು ವರ್ಷ ಅಲ್ಲಿ ಬಂಡಿ ಓಡಲಿಲ್ಲ. ಪುಷ್ಪಗಿರಿಯ ಆಚೆಯ ಮಗ್ಗುಲಲ್ಲಿರುವ ಆ ದಾರಿಯಲ್ಲಿ ತರುಣರು ತಂಡ ಕಟ್ಟಿಕೊಂಡು ನಡೆದರು. 2006ರಲ್ಲಿ ಸರಕುಬಂಡಿಯೂ ಮರುವರ್ಷದ ಕೊನೆಗೆ ಪ್ರಯಾಣಿಕರ ಬಂಡಿಯೂ ಮತ್ತೆ ಓಡತೊಡಗಿದ ಮೇಲೆ ಅಲ್ಲಿ ಕಾಲಿಡುವುದು ಅಪರಾಧ, ಅಪಾಯವೂ ಹೌದು. ಆ ಆಸೆಯನ್ನು ಬಿಟ್ಟುಬಿಡಿ.

ಹಾಗಾದರೆ ರೈಲಿಲ್ಲದ ಕೊಡಗಿನಲ್ಲಿ ಬಳಕೆ ತಪ್ಪಿದ ಮಾರ್ಗವೆಂಬುದೇ ಇಲ್ಲವೆ? ಇದೆ. ಅದು ರೈಲಿಗಿಂತ ಸಾವಿರ ವರ್ಷ ಹಿರಿದು. ಅದರ ಹೆಸರು ಕಡಂಗ.

ಕಡಂಗವೆಂದರೆ ಯುದ್ಧದ ಕಂದಕ. ಕೋಟೆಯ ಸುತ್ತ ಇರುವ ಅಗಳಿನಂತೆ ಇದು ಒಂದು ಕಟ್ಟಡಕ್ಕೆ ಸೇರಿದುದಲ್ಲ. ನೆಲವನ್ನು ಆಳವಾಗಿ ತೋಡಿ, ಅಗೆದ ಮಣ್ಣನ್ನು ಒಂದು ಮಗ್ಗುಲಿಗೆ ಏರಿಯಾಗಿ ಹಾಕಿ, ಬೆಟ್ಟವೆನ್ನದೆ ಬಯಲೆನ್ನದೆ ಮೈಲಿಗಟ್ಟಲೆ ಎಳೆದ ಗೆರೆ ಅದು. ಒಮ್ಮೊಮ್ಮೆ ಕವಲೊಡೆಯುತ್ತದೆ; ಒಮ್ಮೊಮ್ಮೆ ಗುಡ್ಡದ ನೆತ್ತಿಯನ್ನು ಉಡಿದಾರದಂತೆ ಸುತ್ತುತ್ತದೆ. ಜರ್ಮನಿಯಿಂದ ಬಂದು ಕೊಡಗಿನಲ್ಲಿ ಶಾಲೆಯನ್ನು ನಡೆಸಿದ ಪಾದ್ರಿ ರಿಕ್ಟರ್ 1870ರಲ್ಲಿ ಪ್ರಕಟಿಸಿದ ಕೊಡಗಿನ ಕೈಪಿಡಿಯಲ್ಲಿ ಇವುಗಳ ವರ್ಣನೆಯಿದೆ. ಮೋಜಣಿಯ ಕೆಲಸದಲ್ಲಿ ನಾಡನ್ನೆಲ್ಲ ಸುತ್ತಿದ್ದ ಕೋಲ್ ಎಂಬ ಅಧಿಕಾರಿಯ ಮಾತನ್ನು ಅವರು ಅಲ್ಲಿ ಕೊಟ್ಟಿದ್ದಾರೆ: ಕೆಲವು ಕಡಂಗಗಳು ಸುತ್ತಲ ನೆಲಕ್ಕಿಂತ ಸಾವಿರ ಅಡಿ ಎತ್ತರದ ಬೆಟ್ಟಗಳನ್ನೂ ಹತ್ತಿ ಇಳಿಯುತ್ತವೆ, ದಕ್ಷಿಣ ಕೊಡಗಿನಲ್ಲಿ ಇವು ಹೆಚ್ಚು, ವೀರರಾಜಪೇಟೆಯ ಬಳಿ ನಾಲ್ಕೈದು ಒಂದರ ಮಗ್ಗುಲಿಗೆ ಒಂದು ಸಾಗಿವೆ, ಏರಿಯ ತುದಿಯಿಂದ ಕಂದಕದ ತಳಕ್ಕೆ ಕೆಲವೆಡೆ ನಲವತ್ತು ಅಡಿ ಆಳವಿದೆ. ನಲವತ್ತು ಅಡಿಯೆಂದರೆ ಬೆಂಗಳೂರಿನ ಮೂರಂತಸ್ತಿನ ಮನೆ ಮುಳುಗುವಷ್ಟು.

ಈ ಕಡಂಗಗಳನ್ನು ತೋಡಿಸಿದವರು ಯಾರು? ಊರಿನಲ್ಲಿ ಕೇಳಿದರೆ “ರಾಜರ ಕಾಲದ್ದು” ಎಂಬ ಉತ್ತರ ಸಿದ್ಧವಾಗಿದೆ. ಹಿಂದಿನ ಅರಸರು ಕಾಳಗಕ್ಕಾಗಿ ಮಾಡಿಸಿದುದೆಂದು ಹಳೆಯ ದಾನಪತ್ರಗಳೂ ಹೇಳುತ್ತವೆ. ಕೊಡಗಿನವರು ರಾಜರೆಂದೊಡನೆ ನೆನೆಯುವುದು ಹಾಲೇರಿಯ ವಂಶವನ್ನು. ಅವರು ಬಂದದ್ದು ಸುಮಾರು 1600ರ ಹೊತ್ತಿಗೆ. ಅವರ ಆಳ್ವಿಕೆ ಮುಗಿದದ್ದು 1834ರಲ್ಲಿ. ಆದರೆ ಕಡಂಗದ ಹುಟ್ಟು ಅಲ್ಲಿಗೆ ನಿಲ್ಲುವುದಿಲ್ಲ. ದಕ್ಷಿಣ ಕೊಡಗಿನ ಬಿಳಿಯೂರಿನಲ್ಲಿ ಒಂದು ಶಾಸನವಿದೆ. ಲೂಯಿ ರೈಸ್ ಅವರು 1886ರಲ್ಲಿ ಪ್ರಕಟಿಸಿದ ಕೊಡಗಿನ ಶಾಸನಗಳ ಸಂಪುಟದಲ್ಲಿ ಅದನ್ನು ಓದಬಹುದು. ಅದರ ಕಾಲ ಶಕ 809, ಅಂದರೆ ಕ್ರಿಸ್ತಶಕ 888. ಗಂಗರ ಅರಸನಾದ ಸತ್ಯವಾಕ್ಯ ಕೊಂಗುಣಿವರ್ಮ ಪೆರ್ಮಾನಡಿಯು ಬಿಳಿಯೂರಿನ ಹನ್ನೆರಡು ಹಳ್ಳಿಗಳನ್ನು ಸರ್ವನಂದಿದೇವರೆಂಬ ಜೈನ ಮುನಿಗಳಿಗೆ ಬಿಟ್ಟ ದಾನವದು. ಯಾವ ಬಸದಿಗಾಗಿ? ಪೆನ್ನೆಗಡಂಗದ ಸತ್ಯವಾಕ್ಯ ಜಿನಾಲಯಕ್ಕಾಗಿ.

ಆ ಊರ ಹೆಸರನ್ನು ಇನ್ನೊಮ್ಮೆ ಓದಿ. ಪೆನ್ನೆ-ಕಡಂಗ. ಒಂದು ಊರಿಗೆ ಕೆರೆಯಿಂದಲೋ ಕಲ್ಲಿನಿಂದಲೋ ಹೆಸರು ಬರಬೇಕಾದರೆ ಆ ಕೆರೆಯೋ ಕಲ್ಲೋ ಮೊದಲೇ ಅಲ್ಲಿದ್ದಿರಬೇಕಷ್ಟೆ. ಹಾಗಾದರೆ ಹಾಲೇರಿಯ ಅರಸರು ಬರುವುದಕ್ಕೆ ಏಳುನೂರು ವರ್ಷ ಮೊದಲೇ ಈ ನಾಡಿನಲ್ಲಿ ಕಡಂಗವಿತ್ತು, ಅದರ ಹೆಸರಿನಿಂದ ಊರನ್ನು ಕರೆಯುವಷ್ಟು ಪ್ರಸಿದ್ಧವಾಗಿತ್ತು. ಇಂದಿಗೂ ವೀರರಾಜಪೇಟೆಯ ಸೀಮೆಯಲ್ಲಿ ಕಡಂಗವೆಂಬ ಊರೇ ಇದೆ. ತಮಿಳು ಮಲಯಾಳಗಳಲ್ಲಿ ಕಿಡಂಗು ಎಂದರೆ ಕಂದಕ. ಎರಡೂ ಒಂದೇ ಬೇರಿನ ಮಾತುಗಳೆಂದು ತೋರುತ್ತದೆ. ಬಸ್ಸಿನ ಫಲಕದ ಮೇಲೆ ದಿನವೂ ಕಾಣುವ ಹೆಸರಿನಲ್ಲಿ ಎಷ್ಟು ಹಳೆಯ ಸಂಗತಿ ಅಡಗಿ ಕುಳಿತಿರಬಹುದೆಂಬುದಕ್ಕೆ ಇದೊಂದು ನಿದರ್ಶನ.

ಈಗ ಗಣಿತ. ಹತ್ತು ಅಡಿ ಅಗಲ, ಹತ್ತು ಅಡಿ ಆಳದ ಒಂದು ಮೈಲಿ ಕಂದಕವೆಂದರೆ 5,28,000 ಘನ ಅಡಿ ಮಣ್ಣು. ಒಬ್ಬಾಳು ದಿನಕ್ಕೆ ಐವತ್ತು ಘನ ಅಡಿಯನ್ನು ಅಗೆದು ಮೇಲೆ ಹಾಕುತ್ತಾನೆಂದು ಇಟ್ಟುಕೊಳ್ಳೋಣ. ನೂರು ಮಂದಿ ಒಂದು ದಿನವೂ ಬಿಡುವಿಲ್ಲದೆ ದುಡಿದರೆ ಮೂರೂವರೆ ತಿಂಗಳು ಬೇಕು. ಕೊಡಗಿನ ಮಳೆಗಾಲವನ್ನು ಕಳೆದು, ಗದ್ದೆಯ ಕೆಲಸವನ್ನು ಕಳೆದು ಉಳಿಯುವ ದಿನಗಳೆಷ್ಟು? ಒಂದು ಮೈಲಿಗೇ ಹೀಗಾದರೆ, ಇಡೀ ನಾಡನ್ನು ಹೆಣೆದ ಈ ಜಾಲಕ್ಕೆ ಎಷ್ಟು ತಲೆಮಾರುಗಳ ಬೆವರು ಸುರಿದಿರಬೇಕು! ಅರಮನೆಯನ್ನು ಕಟ್ಟಿದ ಅರಸನ ಹೆಸರು ನಮಗೆ ಗೊತ್ತು. ಕಡಂಗವನ್ನು ತೋಡಿದವನು ಗುದ್ದಲಿಯನ್ನು ತೊಳೆದಿಟ್ಟು ಮನೆಗೆ ಹೋದ. ಅವನ ಹೆಸರು ಯಾವ ಕಲ್ಲಿನಲ್ಲಿಯೂ ಇಲ್ಲ.

ಕಡಂಗದ ಏರಿಯ ಮೇಲೆ ನಡೆಯುವುದು ಒಂದು ಸೊಗಸು. ಮಳೆ ಕಳೆದು ನೆಲ ಒಣಗಿದ ಮೇಲೆ, ನಾಲ್ಕೈದು ಮಂದಿ ವಿದ್ಯಾರ್ಥಿಗಳೊಡನೆ ನಾನು ಹೀಗೆ ಹೊರಡುವುದುಂಟು. ಒಂದು ಮಗ್ಗುಲಿಗೆ ಕಾಫಿ, ಮೆಣಸಿನ ಬಳ್ಳಿ ಹಬ್ಬಿದ ಮರಗಳು. ಇನ್ನೊಂದು ಮಗ್ಗುಲಿಗೆ ಜರಿಗಿಡ ತುಂಬಿದ ತಂಪು ಕಂದಕ. ಏರಿಯು ಬಾಣೆಯನ್ನು ದಾಟಿ ಕಣಿವೆಗೆ ಇಳಿದರೆ ಭತ್ತದ ಗದ್ದೆ. ಗದ್ದೆಯಾಚೆಗೆ ಕಲ್ಲುಗೋಡೆಗಳ ನಡುವಿನ ಓಣಿಯ ತುದಿಯಲ್ಲಿ ಒಂದು ಐನ್‌ಮನೆ, ಅದರ ಬಳಿ ಹಿರಿಯರ ಕೈಮಡ. ಸ್ವಲ್ಪ ದೂರದಲ್ಲಿ, ಕೊಡಲಿ ತಾಗದ ದೇವರಕಾಡು. ಕೊಡಗಿನಲ್ಲಿ ಇಂಥವು ಸಾವಿರದ ಇನ್ನೂರಕ್ಕೂ ಹೆಚ್ಚು. ವೀರರಾಜಪೇಟೆಯ ಸುತ್ತಲಿನ ಗುಡ್ಡಗಳಲ್ಲಾದರೆ ಜನರು ಪಾಂಡವರ ಹೆಸರಿಗೆ ಹಚ್ಚಿರುವ ಬೃಹತ್ ಶಿಲೆಯ ಗೋರಿಗಳೂ ಸಿಕ್ಕಾವು. ಮೋಟಾರು ಹಿಡಿದು ಅಬ್ಬಿ ಜಲಪಾತವನ್ನೂ ರಾಜಾಸೀಟನ್ನೂ ಅರ್ಧ ದಿನದಲ್ಲಿ ಮುಗಿಸಿ ಬರುವವರಿಗೆ ಈ ಕೊಡಗು ಕಾಣುವುದಿಲ್ಲ.

ಒಮ್ಮೆ ಹೀಗೆ ನಡೆಯುತ್ತಿದ್ದಾಗ ತೋಟದ ಯಜಮಾನರಾದ ವೃದ್ಧರೊಬ್ಬರು ಎದುರಾದರು. ಅಪ್ಪಣೆಯನ್ನು ಮೊದಲೇ ಪಡೆದಿದ್ದೆವು. ಅವರೂ ಜೊತೆಗೆ ಹೆಜ್ಜೆ ಹಾಕಿದರು. ಒಂದೆಡೆ ಏರಿಯನ್ನು ಕಡಿದು ಕಂದಕಕ್ಕೆ ತಳ್ಳಿದ್ದ ಹಸಿಮಣ್ಣು ಕಾಣಿಸಿತು.

“ಇದೇನು, ಅಜ್ಜಯ್ಯ?” ಎಂದು ಹುಡುಗನೊಬ್ಬ ಕೇಳಿದ.

“ಮಗ ಮುಚ್ಚಿಸಲು ಹೊರಟಿದ್ದಾನೆ. ಲಾರಿ ಕಣದವರೆಗೆ ಬರಬೇಕಂತೆ,” ಎಂದು ವೃದ್ಧರು ನನ್ನ ಕಡೆಗೆ ತಿರುಗಿದರು. “ಅವನದೂ ತಪ್ಪಲ್ಲ, ಮೇಷ್ಟ್ರೆ. ಕಾಫಿಯನ್ನು ಹೊರುವುದಕ್ಕೆ ಆಳೆಲ್ಲಿ ಸಿಗುತ್ತಾರೆ? ಯಂತ್ರ ತರಿಸಿದರೆ ಎರಡು ದಿನದ ಕೆಲಸ. ಆದರೆ ನಮ್ಮ ಎಲ್ಲೆ ಇದೇ ಕಡಂಗ. ಇದು ಹೋದ ಮೇಲೆ ನಾಳೆ ನೆರೆಯವನು ತಕರಾರು ತೆಗೆದರೆ ಯಾರನ್ನು ಸಾಕ್ಷಿಗೆ ಕರೆಯಲಿ?”

ನಾನು ಉಪದೇಶವನ್ನು ಮಾಡಲಿಲ್ಲ. ತೋಟವೂ ಅವರದು, ಸಾಲವೂ ಅವರದು. ಲಾರಿ ದಾಟಲು ಹನ್ನೆರಡು ಅಡಿ ಸಾಕಲ್ಲವೆ, ಒಂದೇ ಕಡೆ ಮೋರಿ ಹಾಕಿಸಿ ದಾರಿ ಮಾಡಿದರೆ ಉಳಿದ ಉದ್ದವೆಲ್ಲ ಹಾಗೆಯೇ ಉಳಿಯುತ್ತದಲ್ಲ ಎಂದಷ್ಟೇ ಹೇಳಿದೆ. “ಇದನ್ನು ಮಗನಿಗೆ ಹೇಳಿ ನೋಡುತ್ತೇನೆ,” ಎಂದರು. ಮಗನು ಒಪ್ಪಿದನೋ ಇಲ್ಲವೋ ಎಂಬ ಸುದ್ದಿ ನನಗಿನ್ನೂ ಬಂದಿಲ್ಲ.

ಅಪಾಯವಿರುವುದು ಇಲ್ಲಿಯೇ. ಮಡಿಕೇರಿಯ ಕೋಟೆಗೆ ಗೋಡೆಯಿದೆ, ಗದ್ದಿಗೆಗೆ ಗುಮ್ಮಟವಿದೆ, ನಾಲ್ಕುನಾಡಿನ ಅರಮನೆಗೆ ಬಣ್ಣದ ಚಿತ್ರಗಳಿವೆ. ನೋಡಿದೊಡನೆ ಇದು ಕಾಪಾಡಬೇಕಾದ ವಸ್ತುವೆಂದು ಯಾರಿಗಾದರೂ ಹೊಳೆಯುತ್ತದೆ. ಕಡಂಗವೋ ಬರಿಯ ಹಳ್ಳ. ಅರ್ಥ ಗೊತ್ತಿಲ್ಲದವನಿಗೆ ಅದು ಕಸ ಹಾಕುವ ಜಾಗ, ಇಲ್ಲವೆ ಸಮಮಾಡಿದರೆ ನಾಲ್ಕು ಸಾಲು ಕಾಫಿ ಹಿಡಿಸುವ ಜಾಗ. ನೂರು ಮಂದಿ ಮೂರೂವರೆ ತಿಂಗಳು ತೋಡಿದ್ದನ್ನು ಒಂದು ಯಂತ್ರ ವಾರದಲ್ಲಿ ಇಲ್ಲವೆನಿಸುತ್ತದೆ. ಮಣ್ಣನ್ನು ಮನಬಂದಂತೆ ಕಡಿದರೆ ಏನಾಗುತ್ತದೆಂಬುದನ್ನು 2018ರ ಆಗಸ್ಟ್ ತಿಂಗಳ ಮಳೆ ಕೊಡಗಿಗೆ ಕಲಿಸಿದೆ. ಅಂದು ಕುಸಿದ ಗುಡ್ಡಗಳನ್ನು ಪರೀಕ್ಷಿಸಿದ ಭೂವಿಜ್ಞಾನಿಗಳು, ಇಳಿಜಾರನ್ನು ಮನುಷ್ಯರು ಕತ್ತರಿಸಿದ್ದನ್ನೂ ಕಾರಣಗಳಲ್ಲಿ ಸೇರಿಸಿದರು. ಶತಮಾನಗಳ ಮಳೆಗೆ ಒಗ್ಗಿ ಗಟ್ಟಿಯಾದ ಏರಿಯನ್ನು ಕೆಡಹುವ ಮೊದಲು ಎರಡು ಸಲ ಯೋಚಿಸಬೇಕು.

ವಿನೋದವೆಂದರೆ, ಹಳೆಯ ಕಂದಕವನ್ನು ಮುಚ್ಚುವ ಕೊಡಗಿನಲ್ಲಿಯೇ ಹೊಸ ಕಂದಕವನ್ನು ತೋಡುವ ಕೆಲಸವೂ ನಡೆದಿದೆ. ಕಾಡಿನ ಅಂಚಿನಲ್ಲಿ ಆನೆಗಳನ್ನು ತಡೆಯಲು ಅರಣ್ಯ ಇಲಾಖೆ ತೋಡಿಸುವ ಆನೆ ಕಂದಕಗಳು ನೋಡಲು ಕಡಂಗದ ತಮ್ಮಂದಿರಂತೆಯೇ ಇವೆ. ಮಳೆ ಬಂದಾಗ ಇವುಗಳ ದಡ ಜರಿಯುತ್ತದೆ. ಆನೆಗಳೋ ಬುದ್ಧಿವಂತ ಪ್ರಾಣಿಗಳು, ಮಣ್ಣನ್ನು ಕೆಡವಿ ದಾರಿ ಮಾಡಿಕೊಳ್ಳುತ್ತವೆ. ಇಳಿಜಾರಿನಲ್ಲಿ ಕಂದಕ ಕುಸಿಯದಂತೆ ತೋಡುವುದು ಹೇಗೆಂದು ಹಳೆಯ ಕಡಂಗಗಳನ್ನು ಅಳೆದು ನೋಡಿದರೆ ಇಂದಿನ ಇಂಜಿನಿಯರರಿಗೂ ಏನಾದರೂ ದೊರೆತೀತು.

ಇಂಗ್ಲೆಂಡಿಗೂ ವೇಲ್ಸ್‌ಗೂ ನಡುವೆ ಇಂಥದೇ ಒಂದು ಕಂದಕವಿದೆ. ಎಂಟನೆಯ ಶತಮಾನದ ಆಫಾ ಎಂಬ ಅರಸನ ಹೆಸರು ಅದಕ್ಕೆ. 1971ರಲ್ಲಿ ಅದರ ಜೊತೆಜೊತೆಗೇ 177 ಮೈಲಿಗಳ ಕಾಲುಹಾದಿಯನ್ನು ತೆರೆದರು. ಕಾನೂನಿನ ರಕ್ಷಣೆಯೂ ಅದಕ್ಕಿತ್ತು. ಹೀಗಿದ್ದೂ 2013ರಲ್ಲಿ ಚರ್ಕ್ ಎಂಬ ಊರಿನ ಕಡೆ ಒಬ್ಬನು ಸುಮಾರು 45 ಮೀಟರಿನಷ್ಟು ಉದ್ದವನ್ನು ಯಂತ್ರದಿಂದ ನೆಲಸಮ ಮಾಡಿದ. ಅದು ರಕ್ಷಿತ ಸ್ಮಾರಕವೆಂದು ಅವನಿಗೆ ತಿಳಿದಿತ್ತೆಂಬುದನ್ನು ತೋರಿಸಲಾಗದೆ ಮೊಕದ್ದಮೆ ಹೂಡುವುದೇ ಸಾಧ್ಯವಾಗಲಿಲ್ಲ. ಕಾನೂನು ಬೇಕು, ನಿಜ. ಆದರೆ ಊರಿನವರಿಗೆ ತಿಳಿಯದ ವಸ್ತುವನ್ನು ಕಾನೂನು ಉಳಿಸಲಾರದು.

ಆದ್ದರಿಂದ ಓದುಗರಲ್ಲಿ ನನ್ನದೊಂದು ಬಿನ್ನಹ. ಮುಂದಿನ ರಜೆಯಲ್ಲಿ ಕೊಡಗಿಗೆ ಬಂದರೆ, ಒಂದು ಬೆಳಗನ್ನು ಕಡಂಗಕ್ಕೆ ಕೊಡಿ. ಡಿಸೆಂಬರಿನಿಂದ ಮಾರ್ಚಿಯವರೆಗೆ ಹಿತವಾದ ಕಾಲ. ಮಳೆಗಾಲದಲ್ಲಿ ಜಿಗಣೆಗಳ ಆತಿಥ್ಯ ಸ್ವಲ್ಪ ಹೆಚ್ಚಾಗುತ್ತದೆ. ತೋಟದವರನ್ನು ಕೇಳದೆ ಒಳಗೆ ಕಾಲಿಡಬೇಡಿ. ಕೇಳಿದರೆ ಬೇಡವೆನ್ನುವವರು ಕಡಮೆ, ಕಾಫಿ ಕೊಡದೆ ಕಳುಹಿಸುವವರು ಇನ್ನೂ ಕಡಮೆ. ಮುಂಜಾನೆ ಮುಸ್ಸಂಜೆ ಆನೆಗಳ ಹೊತ್ತು, ಊರಿನವರೊಬ್ಬರು ಜೊತೆಗಿರಲಿ. ದೇವರಕಾಡಿನ, ಕೈಮಡದ ಎದುರು ಮಾತು ಮೆಲ್ಲಗಿರಲಿ.

ಕೊಡಗಿನ ಶಾಲೆಗಳ ಉಪಾಧ್ಯಾಯರಿಗೆ ಇನ್ನೂ ಒಂದು ಮಾತು. ನಿಮ್ಮ ಊರಿನ ಕಡಂಗ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಷ್ಟು ಆಳವಿದೆ, ಯಾವ ಯಾವ ಮನೆಗಳ ಎಲ್ಲೆಯಾಗಿದೆ, ಅದಕ್ಕೆ ಹಿರಿಯರು ಏನೆಂದು ಹೆಸರು ಕರೆಯುತ್ತಾರೆ ಎಂಬುದನ್ನು ಮಕ್ಕಳಿಂದ ಬರೆಯಿಸಿ, ಒಂದು ನಕ್ಷೆಯನ್ನು ಮಾಡಿಸಿ. ಒಂದು ಪ್ರತಿಯನ್ನು ಪಂಚಾಯಿತಿಗೆ ಕೊಡಿ. ಇದಕ್ಕೆ ಹಣ ಬೇಡ; ಒಂದು ಅಳತೆಪಟ್ಟಿ, ಒಂದು ನೋಟುಪುಸ್ತಕ, ಎರಡು ಭಾನುವಾರ ಸಾಕು. ಹೆಸರು ಬಲ್ಲ ಹಿರಿಯರು ಇನ್ನೂ ಇರುವಾಗಲೇ ಈ ಕೆಲಸವಾಗಬೇಕು. ಹಾಗೆ ಅಳೆದು ಬರೆದ ಹುಡುಗನು ನಾಳೆ ತೋಟದ ಯಜಮಾನನಾದಾಗ, ಯಂತ್ರದವನಿಗೆ ಎಲ್ಲಿ ನಿಲ್ಲಿಸಬೇಕೆಂದು ಅವನೇ ಹೇಳುತ್ತಾನೆ.