ಕೆಂಪು ಕಲ್ಲಿನ ಕಥೆ

ಇಂಗ್ಲೆಂಡಿನ ಪುರಾತನ ಪಟ್ಟಣ ಯಾರ್ಕ್‌ನಲ್ಲಿ ಸಂಜೆಯಾದರೆ ದೆವ್ವದ ವ್ಯಾಪಾರ ಶುರು. ಕರಿ ಟೊಪ್ಪಿ, ಉದ್ದ ಕೋಟಿನ ಕಥೆಗಾರ ಮುಂದೆ, ಹಣ ಕೊಟ್ಟ ಪ್ರವಾಸಿಗರು ಹಿಂದೆ. 1973ರಿಂದ ನಡೆದು ಬಂದ ರೂಢಿಯಿದು. ನಮ್ಮ ಅಜ್ಜಿಯಂದಿರು ಪುಕ್ಕಟೆಯಾಗಿ ಹೆದರಿಸುತ್ತಿದ್ದರು!

ಅಲ್ಲಿನ ಕ್ಲಿಫರ್ಡ್ಸ್ ಟವರ್ ಎಂಬ ಗೋಪುರದ ಕಲ್ಲು ಒಮ್ಮೊಮ್ಮೆ ರಕ್ತದಂತೆ ಕೆಂಪಾಗುತ್ತದೆ ಎಂಬುದೊಂದು ಕಥೆ. ಕಲ್ಲಿನಲ್ಲಿರುವ ಕಬ್ಬಿಣದ ಅಂಶ ಕಾರಣವೆನ್ನುತ್ತಾರೆ ತಿಳಿದವರು. ಅದಿರಲಿ, ರಕ್ತ ಹರಿದಾಗ ಆ ಕಲ್ಲೇ ಅಲ್ಲಿರಲಿಲ್ಲ.

1190ರ ಮಾರ್ಚ್‌ನಲ್ಲಿ ಆ ದಿಬ್ಬದ ಮೇಲಿದ್ದುದು ಮರದ ಗೋಪುರ. ಹೆಂಗಸರು, ಮಕ್ಕಳು ಸೇರಿ ಊರಿನ ಸುಮಾರು 150 ಯಹೂದಿಗಳು ಜೀವ ಉಳಿಸಿಕೊಳ್ಳಲು ಅದರೊಳಗೆ ಹೊಕ್ಕಿದ್ದರು. ಹೊರಗೆ ಮುತ್ತಿದವರಲ್ಲಿ ಅವರಿಂದ ಸಾಲ ಪಡೆದ ದೊಡ್ಡ ಮನುಷ್ಯರೂ ಇದ್ದರು. ದಾರಿ ಕಾಣದೆ ಒಳಗಿದ್ದ ಹೆಚ್ಚಿನವರು ಹೆಂಡತಿ ಮಕ್ಕಳನ್ನು ಕೊಂದು ತಾವೂ ಪ್ರಾಣ ಬಿಟ್ಟರು. ಗೋಪುರ ಉರಿಯಿತು. ಅಭಯದ ಮಾತು ನಂಬಿ ಹೊರಬಂದವರನ್ನೂ ಗುಂಪು ಕೊಂದಿತು. ಬಳಿಕ ಊರಿನ ದೊಡ್ಡ ಇಗರ್ಜಿಗೆ ಹೋಗಿ ಅಲ್ಲಿದ್ದ ಸಾಲಪತ್ರಗಳನ್ನೆಲ್ಲ ಸುಟ್ಟಿತು. ಸಾಲಪತ್ರದ ಗೊಡವೆ ದೆವ್ವಗಳಿಗಿಲ್ಲ, ಮನುಷ್ಯರಿಗೇ.

ಈಗಿನ ಕಲ್ಲಿನ ಗೋಪುರ ಎದ್ದದ್ದು ಅರ್ಧ ಶತಮಾನದ ನಂತರ. ಸತ್ತವರ ನೆನಪಿಗೆ ದಿಬ್ಬದ ಬುಡದಲ್ಲಿ ಫಲಕ ಬಂದದ್ದು 1978ರಲ್ಲಿ.

ಮಗನ ಮನೆಗೋ ಮಗಳ ಬಾಣಂತನಕ್ಕೋ ಆ ದೇಶಕ್ಕೆ ಹೋಗುವ ಸಹೋದರಿಯರು ನಮ್ಮಲ್ಲಿದ್ದಾರೆ. ಯಾರ್ಕ್‌ಗೆ ಹೋದರೆ, ಮಕ್ಕಳನ್ನು ದೆವ್ವದ ಕಥೆಗೆ ಕರೆದೊಯ್ಯುವ ಮೊದಲು ಬೆಳಕಿರುವಾಗಲೇ ಆ ಫಲಕ ಓದಿಸಿ. ಮಾರ್ಚ್ ತಿಂಗಳಾದರೆ ದಿಬ್ಬದ ತುಂಬ ಹಳದಿ ಡ್ಯಾಫೋಡಿಲ್ ಹೂ ಅರಳಿರುತ್ತದೆ. ಅದರ ಎಸಳು ಆರು. ಯಹೂದಿಗಳ ನಕ್ಷತ್ರದ ಮೂಲೆಗಳೂ ಆರು.